ನಾನು ಕೇಳಿದ್ದು ಪ್ರಮಾಣಪತ್ರ

2023ರ ಚಳಿಗಾಲದಲ್ಲಿ ನಾನು ಡಬ್ಲಿನ್ನಿನ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಶ್ವಾಸಕೋಶ ವಿಭಾಗದ ಕನ್ಸಲ್ಟೆಂಟ್ ಆಗಿದ್ದೆ. ಹುಬ್ಬಳ್ಳಿಯಲ್ಲಿ ಓದಿ ಇಲ್ಲಿಗೆ ಬಂದು ಆಗಲೇ ಇಪ್ಪತ್ತೆರಡು ವರ್ಷ. ಎರಡು ದೇಶಗಳ ಕ್ಷಯ ನೋಡಿದ್ದೇನೆ, ಇನ್ನು ನನಗೆ ಹೊಸದಾಗಿ ಕಲಿಸುವವರು ಯಾರು ಎಂಬ ಜಂಬವೂ ಸ್ವಲ್ಪ ಇತ್ತು. ಆ ಜಂಬ ಇಳಿಸಿದ್ದು ನಾನೆಂದೂ ಕಾಣದ, ಉತ್ತರ ರಷ್ಯಾದ ಒಂದು ಪುಟ್ಟ ಊರಿನ ಆಡಳಿತ ಕಚೇರಿ. ಸಂಬಂಧಪಟ್ಟವರ ಹೆಸರುಗಳನ್ನು ಬದಲಿಸಿದ್ದೇನೆ.

ನಿಕೊಲಾಯ್‌ಗೆ ಐವತ್ತೆಂಟು ವರ್ಷ. ಆ ಊರಿನ ಮರದ ಕಾರ್ಖಾನೆಯಲ್ಲಿ ದಿಮ್ಮಿ ಸೀಳಿಯೇ ಜೀವನ ಸವೆಸಿದವರು. ನಾಲ್ಕು ವರ್ಷದ ಹಿಂದೆ ಡಬ್ಲಿನ್ನಿನ ಕ್ಲಾಂಡಾಲ್ಕಿನ್ ಬಡಾವಣೆಯಲ್ಲಿರುವ ಮಗಳು ಓಲ್ಗಾಳ ಮನೆಗೆ ಬಂದಿದ್ದರು. ಓಲ್ಗಾ ಕೆಲಸಕ್ಕೆ ಹೋದಾಗ ಅವಳ ಏಳು ತಿಂಗಳ ಮಗು ಆನ್ಯಾ ಇವರ ಎದೆಯ ಮೇಲೇ ಮಲಗುತ್ತಿತ್ತು. ತಾತನ ಎರಡು ತಿಂಗಳ ಕೆಮ್ಮಿಗೆ ಪರೀಕ್ಷೆ ಮಾಡಿದರೆ ಕ್ಷಯ. ಅವರನ್ನು ಪ್ರತ್ಯೇಕ ಕೋಣೆಗೆ ಹಾಕಿದೆವು.

ನನ್ನ ಚಿಂತೆ ಇದ್ದದ್ದು ಮಗುವಿನದು. ಆನ್ಯಾಗೆ ಇನ್ನೂ ರೋಗ ಬಂದಿರಲಿಲ್ಲ. ಆದರೆ ಅಷ್ಟು ಎಳೆಯ ಮಕ್ಕಳಲ್ಲಿ ಕ್ಷಯ ಮಿದುಳಿಗೂ ಏರಬಲ್ಲದು, ಆದ್ದರಿಂದ ತಡೆ ಔಷಧ ಕೂಡಲೇ ಶುರುವಾಗಬೇಕು. ಸಾಮಾನ್ಯವಾಗಿ ಕೊಡುವುದು ಐಸೊನಿಯಾಜಿಡ್. ತಾತನ ರೋಗಾಣು ಆ ಔಷಧಕ್ಕೆ ಬಗ್ಗದಂಥದ್ದಾದರೆ ಮಗುವಿಗೆ ನೀರು ಕುಡಿಸಿದಂತೆಯೇ. ಆಗ ರಿಫಾಂಪಿಸಿನ್ ಕೊಡಬೇಕು. ಅದು ಕೆಲಸ ಮಾಡುತ್ತದೆಂದು ವೇಗದ ಪರೀಕ್ಷೆ ಆಗಲೇ ಹೇಳಿತ್ತು. ಐಸೊನಿಯಾಜಿಡ್ ವಿಷಯ ತಿಳಿಸುವ ಕಲ್ಚರ್, ಅಂದರೆ ರೋಗಾಣು ಬೆಳೆಸಿ ನೋಡುವ ಪರೀಕ್ಷೆಗೆ ವಾರಗಟ್ಟಲೆ ಬೇಕು. ಅಲ್ಲಿಯವರೆಗೆ ನಮಗೆ ಆಧಾರ ಹಳೆಯ ದಾಖಲೆ ಮಾತ್ರ.

ಹದಿನೈದು ವರ್ಷದ ಹಿಂದೆ ಊರಿನಲ್ಲೇ ಒಮ್ಮೆ ಕ್ಷಯ ಬಂದಿತ್ತೆಂದು ನಿಕೊಲಾಯ್ ಒಪ್ಪಿಕೊಂಡರು. ರೋಗಾಣು ಔಷಧಕ್ಕೆ ಬಗ್ಗದಂತಾಗುವುದು ಹೆಚ್ಚಾಗಿ ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟವರಲ್ಲಿ.

"ಔಷಧ ಪೂರ್ತಿ ತಗೊಂಡ್ರಾ?" ಎಂದೆ. ಓಲ್ಗಾ ಕೇಳಿ ತಿಳಿಸಿದಳು: "ಪೂರ್ತಿ ತಗೊಂಡ್ರಂತೆ. ಸರ್ಟಿಫಿಕೇಟೂ ಇತ್ತಂತೆ."

ಆ ಊರಿನ ಆಸ್ಪತ್ರೆ ಎಂದೋ ಮುಚ್ಚಿಹೋಗಿತ್ತು. ಅದರ ಕಾಗದಗಳೆಲ್ಲ ಆಡಳಿತ ಕಚೇರಿಯ ಹಿಂದಿನ ಕೋಣೆ ಸೇರಿದ್ದವು. ಕಚೇರಿಯಲ್ಲಿ ಒಬ್ಬ ಅಧ್ಯಕ್ಷ, ಮತ್ತು ಜನನ, ಮರಣ, ಸೌದೆ ಹಂಚಿಕೆ ಎಲ್ಲವನ್ನೂ ನೋಡಿಕೊಳ್ಳುವ ತಮಾರಾ ಎಂಬ ಗುಮಾಸ್ತೆ. ನಿಕೊಲಾಯ್ ಸಹಿ ಹಾಕಿದ ಒಪ್ಪಿಗೆಯೊಂದಿಗೆ ಈಮೇಲ್ ಕಳಿಸಿದರೆ ಒಂದೇ ಸಾಲಿನ ಉತ್ತರ ಬಂತು: ಮನವಿಯ ಮೇಲೆ ದುಂಡು ಮೊಹರು ಇಲ್ಲ.

ನಮ್ಮ ವಾರ್ಡಿನ ಐರಿಷ್ ನರ್ಸ್‌ಗಳು ಬಿದ್ದು ಬಿದ್ದು ನಕ್ಕರು. ನನಗೆ ನಗು ಬರಲಿಲ್ಲ. ನಮ್ಮಪ್ಪ ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರು; ಮೊಹರಿಲ್ಲದ ಕಾಗದವನ್ನು ಕಾಗದವೆಂದೇ ಎಣಿಸದ ಮನೆ ನಮ್ಮದು. ಆಸ್ಪತ್ರೆಯ ಆಡಳಿತಾಧಿಕಾರಿಯ ಅನುಮತಿ ಪಡೆದು ಬ್ಲಾಂಚರ್ಡ್ಸ್‌ಟೌನ್‌ನ ಅಂಗಡಿಯೊಂದರಲ್ಲಿ ನಮ್ಮ ವಿಭಾಗದ ಹೆಸರಿನ ದುಂಡು ಮೊಹರು ಮಾಡಿಸಿದೆ. 'ಚಿಕಿತ್ಸೆ ಮುಗಿಸಿದ ಪ್ರಮಾಣಪತ್ರ ಒದಗಿಸಬೇಕಾಗಿ ವಿನಂತಿ' ಎಂದು ಬರೆದು, ನೀಲಿ ಶಾಯಿಯಲ್ಲಿ ಮೊಹರು ಒತ್ತಿ ಕಳಿಸಿದೆ.

ಮರುದಿನವೇ ಹಳೆಯ ಪ್ರಮಾಣಪತ್ರದ ನಕಲು ಬಂತು. ಚಿಕಿತ್ಸೆ ಪೂರ್ಣ, ರೋಗ ಗುಣ, ಕೆಲಸಕ್ಕೆ ಯೋಗ್ಯ. ಮೊಹರೂ ಇತ್ತು. ಗೆದ್ದವಳಂತೆ ಬೀಗುತ್ತಾ ಆನ್ಯಾಗೆ ಐಸೊನಿಯಾಜಿಡ್ ಬರೆದುಕೊಟ್ಟೆ.

ಲ್ಯಾಬಿನಲ್ಲಿದ್ದ ಮೈಸೂರಿನ ಹುಡುಗ ಡಾ. ರಾಘು ಮಾತ್ರ ರಾಗ ಎಳೆದ. "ಮೇಡಂ, ಬರೀ ಒಂದು ಸರ್ಟಿಫಿಕೇಟ್ ನಂಬ್ಕೊಂಡು ಮಗೂಗೆ ಕೊಡ್ತೀರಾ?"

"ಸೀಲ್ ಐತೆ ಕಣಪ್ಪ, ಇನ್ನೇನು ಬೇಕು ನಿಂಗೆ?" ಎಂದು ಗದರಿದೆ.

ಗದರಿದ್ದೇನೋ ಆಯಿತು, ಆದರೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಹೊರರೋಗಿಗಳನ್ನು ನೋಡುತ್ತಿರುವಾಗಲೂ ಆ ಕಾಗದವೇ ಕಣ್ಣ ಮುಂದೆ ಬರುತ್ತಿತ್ತು. ಭಾನುವಾರ ಗಂಡನ ಜೊತೆ ಡನ್ ಲಿಯರಿಯ ಕಡಲ ಕಟ್ಟೆಯ ಮೇಲೆ ನಡೆಯಲು ಹೋದವಳು ಅರ್ಧಕ್ಕೇ ತಿರುಗಿದೆ.

ಸೋಮವಾರ ಕಾಗದದ ಅನುವಾದವನ್ನು ಮತ್ತೆ ತೆಗೆದೆ. ತೀರಾ ಕೆಳಗೆ ಒಂದು ಸಣ್ಣ ಸಾಲು: 'ಮರದ ಕಾರ್ಖಾನೆಗೆ ಸಲ್ಲಿಸುವ ಉದ್ದೇಶಕ್ಕಾಗಿ.' ನಮ್ಮ ಮನೆಯ ಜಗಲಿಗೆ ಜನ ಸರ್ಟಿಫಿಕೇಟಿಗೆಂದು ಬಂದಾಗ ಅಪ್ಪ ಮೊದಲು ಕೇಳುತ್ತಿದ್ದದ್ದೇ "ಯಾವುದಕ್ಕೆ ಬೇಕು?" ಎಂದು. ಯಾವುದಕ್ಕೆ ಬೇಕೋ ಅದಕ್ಕೆ ತಕ್ಕಂತೆ ಬರವಣಿಗೆ. ಇದು ಬಡವನಿಗೆ ಕೆಲಸ ಸಿಗಲೆಂದು ಬರೆದ ಕಾಗದ. ಅವನ ಶ್ವಾಸಕೋಶಕ್ಕೂ ಅದಕ್ಕೂ ಏನು ಸಂಬಂಧ? ಬೇರೆ ಯಾರಿಗೆ ಹೊಳೆಯದಿದ್ದರೂ ನನಗೆ ಹೊಳೆಯಬೇಕಿತ್ತು.

ಮಗಳೆದುರು ನಿಜ ಹೇಳಲಾರರೆಂದು ಈ ಸಲ ಓಲ್ಗಾಳನ್ನು ಕರೆಯಲಿಲ್ಲ. ಫೋನಿನಲ್ಲಿ ಆಸ್ಪತ್ರೆಯ ದುಭಾಷಿಯನ್ನು ಹಿಡಿದು, ಮಾಸ್ಕ್ ಕಟ್ಟಿಕೊಂಡು ನಿಕೊಲಾಯ್ ಎದುರು ಕೂತೆ. ಔಷಧ ಎಷ್ಟು ತಿಂಗಳು ತಗೊಂಡಿರಿ ಎಂದು ನೇರವಾಗಿ ಕೇಳಿದೆ. ದುಭಾಷಿಯ ಮೂಲಕ ಉತ್ತರ ಬಂತು.

"ನಾಲ್ಕು ತಿಂಗಳು. ಹೊಳೆಯ ಮಂಜುಗಡ್ಡೆ ಕರಗಿತು, ಕಾರ್ಖಾನೆಗೆ ದಿಮ್ಮಿ ತೇಲಿ ಬರೋಕೆ ಶುರುವಾಯ್ತು. ಆಗ ಹೋಗದಿದ್ರೆ ಕೆಲಸ ಹೋಗ್ತಿತ್ತು. ಅಧ್ಯಕ್ಷರು ಕಾಗದ ಕೊಟ್ಟರು. ನಮ್ಮ ಬೀದೀಲಿ ಅರ್ಧ ಜನಕ್ಕೆ ಕೊಟ್ಟಿದ್ರು."

ಅದೇ ದುಭಾಷಿಯೊಡನೆ ಅಲ್ಲಿಂದಲೇ ತಮಾರಾಗೆ ಫೋನ್ ಮಾಡಿದೆ. ಆಸ್ಪತ್ರೆಯ ಮೂಲ ಕಾರ್ಡ್ ಇದೆಯೇ ಎಂದು ಕೇಳಿದರೆ, ಇದೆ ಎಂದರು, ಏನೂ ಆಗದವರಂತೆ. ನನಗೆ ರೇಗಿತು. ಮೊದಲೇ ಯಾಕೆ ಕಳಿಸಲಿಲ್ಲ ಎಂದೆ.

"ನೀವು ಕೇಳಿದ್ದು ಪ್ರಮಾಣಪತ್ರ. ಪ್ರಮಾಣಪತ್ರ ಕಳಿಸಿದೆ. ಕಾರ್ಡ್ ಕೇಳಲಿಲ್ಲವಲ್ಲ?"

ಅರ್ಧ ಗಂಟೆಯಲ್ಲಿ ಕಾರ್ಡಿನ ಫೋಟೋ ಬಂತು. ನಾಲ್ಕನೇ ತಿಂಗಳಲ್ಲೇ ಔಷಧ ನಿಂತಿತ್ತು. ಅದಕ್ಕೂ ಮುಂಚಿನ ಪುಟದಲ್ಲಿ ಐಸೊನಿಯಾಜಿಡ್ ಮೇಲೆ ಅಡ್ಡಗೆರೆ, ಪಕ್ಕದಲ್ಲಿ ಅಲ್ಲಿನ ವೈದ್ಯರ ಕೈಬರಹ: ರೋಗಾಣು ಬಗ್ಗುತ್ತಿಲ್ಲ.

ಆನ್ಯಾ ಆರು ದಿನದಿಂದ ಕುಡಿಯುತ್ತಿದ್ದದ್ದು ಕೆಲಸಕ್ಕೆ ಬಾರದ ಔಷಧ. ಓಲ್ಗಾಳನ್ನು ಕರೆಸಿ, ಕಾರ್ಡ್ ತೋರಿಸಿ, ತಪ್ಪು ನನ್ನದೆಂದು ಹೇಳಿದೆ. "ಆರು ದಿನ ನನ್ನ ಕೈಯಾರೆ ಕುಡಿಸಿದ್ದೀನಿ" ಎಂದವಳು ಮತ್ತೆ ನನ್ನೊಡನೆ ಮಾತಾಡಲಿಲ್ಲ. ಅಪ್ಪನ ಕೋಣೆಯ ಗಾಜಿನ ಮುಂದೆ ಒಂದು ನಿಮಿಷ ನಿಂತು, ಒಳಗೆ ಹೋಗದೆ ಹೊರಟುಹೋದಳು. ಅಂದೇ ರಿಫಾಂಪಿಸಿನ್ ಶುರು ಮಾಡಿ, ತಾತನ ಔಷಧವನ್ನೂ ಬದಲಿಸಿದೆವು. ಈ ಔಷಧಕ್ಕೆ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ, ಹೆದರಬೇಡಿ ಎಂದು ನರ್ಸ್ ತಿಳಿಸಿದ್ದರು. ಮೂರನೇ ದಿನ ಓಲ್ಗಾಳಿಂದ ನರ್ಸ್‌ಗೆ ಒಂದು ಮೆಸೇಜ್: "ಡೈಪರ್ ಕಿತ್ತಳೆ. ಆನ್ಯಾ ಗ್ರ್ಯಾಂಡ್." ಗ್ರ್ಯಾಂಡ್ ಎಂದರೆ ಇಲ್ಲಿನವರ ಮಾತಿನಲ್ಲಿ ಚೆನ್ನಾಗಿದ್ದಾಳೆ ಎಂದು. ಅದನ್ನು ಓದಿ ನಾನು ಹಾಸಿಗೆ ಬಟ್ಟೆ ಇಡುವ ಕೋಣೆಗೆ ಹೋಗಿ ಅತ್ತೆ.

ಆರನೇ ವಾರ ಕಲ್ಚರ್ ವರದಿ ಕಾರ್ಡಿನ ಮಾತನ್ನೇ ಹೇಳಿತು. ನಾಲ್ಕು ತಿಂಗಳ ರಿಫಾಂಪಿಸಿನ್ ಮುಗಿಸಿದ ಆನ್ಯಾಗೆ ರೋಗ ಬರಲಿಲ್ಲ.

ಇಂಥ ತಪ್ಪಾದಾಗ ನಮ್ಮಲ್ಲಿ ಒಂದು ಫಾರ್ಮ್ ತುಂಬಬೇಕು. ಅದನ್ನು ಆ ವಾರವೇ ತುಂಬಿದ್ದೆ. ಕೆಲಸ ಉಳಿಸಿಕೊಳ್ಳಲು ಔಷಧ ಬಿಟ್ಟು, ಮಗಳೆದುರು ಸುಳ್ಳು ಹೇಳಿದವರು ನಿಕೊಲಾಯ್, ಕನಿಕರಕ್ಕೆ ಸುಳ್ಳು ಬರೆದದ್ದು ಆ ಕಚೇರಿ. ಇಬ್ಬರಿಗೂ ಒಂದು ಕಾರಣವಾದರೂ ಇತ್ತು. ನಾನೋ, ರೋಗಿಯನ್ನು ಒಂಟಿಯಾಗಿ ಕೂರಿಸಿಕೊಂಡು ಎರಡು ಮಾತು ಕೇಳುವ ಮೊದಲೇ ಕಾಗದ ಕೇಳಿದ್ದೆ. 'ಕಾರಣ' ಎಂಬ ಕಾಲಮ್ಮಿನಲ್ಲಿ ರಷ್ಯಾದ ಆ ಊರಿನ ಹೆಸರು ಬರೆದಿದ್ದರೆ ಯಾರೂ ಮರುಪ್ರಶ್ನೆ ಹಾಕುತ್ತಿರಲಿಲ್ಲ. ಅಲ್ಲಿ ನನ್ನ ಹೆಸರು ಬರೆದೆ.