ಹೊಸ ಡಿಸ್ಕು, ಹಳೆಯ ಹಸು

ಗುಂಡಿ ಒತ್ತಿದ ಮೇಲೆ ಏನಾಗುತ್ತದೋ ಎಂದು ಕಾಯುವ ಹೊತ್ತನ್ನು ನಾನು ಇಂದಿಗೂ ಧೈರ್ಯವಾಗಿ ಕಳೆದವನಲ್ಲ. ಮಿಕ್ಸಿಯಾದರೂ ಅಷ್ಟೆ, ಸ್ಕೂಟರಾದರೂ ಅಷ್ಟೆ. ನಮ್ಮ ಚಳ್ಳಕೆರೆಯ ಖಾಸಗಿ ಬಸ್ಸಿನ ಡ್ರೈವರುಗಳು ಟೀ ಕುಡಿಯಲು ಇಳಿದಾಗಲೂ ಇಂಜಿನ್ ನಿಲ್ಲಿಸುವುದಿಲ್ಲ. ಅವರನ್ನು ಕಂಡರೆ, ಇವರೂ ನನ್ನ ಪೈಕಿ ಎಂದು ಸಮಾಧಾನ. ನಮ್ಮ ಹಿರಿಯರು ಏನನ್ನೇ ಶುರು ಮಾಡುವಾಗಲೂ ವಿಘ್ನೇಶ್ವರನನ್ನು ನೆನೆದದ್ದು ಸುಮ್ಮನೆ ಅಲ್ಲ. ವಿಘ್ನಗಳೆಲ್ಲ ಮೊದಲಿಗೇ ಬಂದು ಕೂತಿರುತ್ತವೆ ಎಂಬುದು ಅವರಿಗೆ ಗೊತ್ತಿತ್ತು.

ಇಂಥ ನಾನು ಲ್ಯಾಪ್‌ಟಾಪಿನ ಹೊಟ್ಟೆ ಬಿಚ್ಚಲು ಹೋದೆ ಎಂದರೆ ನೀವು ನಂಬಲಾರಿರಿ. ಆಗ ನಮ್ಮ ಬೀದಿಯಲ್ಲಿ ಲ್ಯಾಪ್‌ಟಾಪ್ ಇದ್ದ ಮೇಷ್ಟ್ರು ನಾನೊಬ್ಬನೇ. ಸೆಕೆಂಡ್ ಹ್ಯಾಂಡ್ ಮಾಲು. ಅದರ ಹಾರ್ಡ್ ಡಿಸ್ಕು ವಾರದಿಂದ ಟಕ್ ಟಕ್ ಎನ್ನುತ್ತಿತ್ತು. ಬಸ್ ಸ್ಟ್ಯಾಂಡ್ ಹತ್ತಿರ ಕಂಪ್ಯೂಟರ್ ಸೆಂಟರ್ ನಡೆಸುತ್ತಿದ್ದ ನಸ್ರೀನ್ ಮೇಡಂ ಅದರಲ್ಲಿದ್ದುದನ್ನೆಲ್ಲ ಹೊಸ ಡಿಸ್ಕಿಗೆ ನಕಲು ಮಾಡಿ, "ಇಲ್ಲೇ ಕೂರಿಸಿಕೊಡ್ತೀನಿ, ಸ್ವಲ್ಪ ಕೂತ್ಕಳ್ರಿ ಸರ್" ಎಂದರು. ನಾಲ್ಕು ಸ್ಕ್ರೂ ತಾನೆ ಎಂದು ನಾನು ಮನೆಗೆ ತಂದೆ. ವಿಜ್ಞಾನದ ಮೇಷ್ಟ್ರೆಂಬ ಗತ್ತು, ಇನ್ನೇನು.

ಮರುದಿನ ಬೆಳಗ್ಗೆ ಕೂರಿಸಿದೆ. ಗುಂಡಿ ಒತ್ತಿದೆ. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದಲ್ಲಿ ಒಂದೇ ಸಾಲು: ಆಪರೇಟಿಂಗ್ ಸಿಸ್ಟಂ ಸಿಗಲಿಲ್ಲ. ಗಾಬರಿಯಲ್ಲಿ ಹಳೆಯದನ್ನೇ ವಾಪಸ್ ಹಾಕಿದರೆ ಅದು ಟಕ್ ಎನ್ನುವುದನ್ನೂ ಬಿಟ್ಟಿತ್ತು.

ಒಳಗಿದ್ದದ್ದು ಬರೀ ಪ್ರಶ್ನೆಪತ್ರಿಕೆಗಳಾಗಿದ್ದರೆ ನಾನೂ ನನ್ನ ವಿದ್ಯಾರ್ಥಿಗಳೂ ಒಟ್ಟಿಗೆ ಸಂತೋಷಪಡುತ್ತಿದ್ದೆವು. ಆದರೆ ಅದರಲ್ಲಿ ಓಬಜ್ಜನ ಹಸುಗಳ ಹೆಸರುಗಳಿದ್ದವು. ಓಬಜ್ಜ ಕುದಾಪುರದ ಕಡೆಯ ಹುಲ್ಲುಬಯಲಲ್ಲಿ ದನ ಮೇಯಿಸಿಕೊಂಡೇ ಬಾಳಿದವರು. ಅವರ ಮನೆ, ನಾನು ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದ ಅಲ್ಲಿನ ಶಾಲೆಗೆ ಅಂಟಿಕೊಂಡಂತೆಯೇ ಇತ್ತು. ಅವರಲ್ಲಿ ಹೆಣ್ಣುಮಕ್ಕಳಿಗೆ ಕರು ಕೊಡುವಾಗ, ಆ ವಂಶದ ಮೊದಲ ಹಸುವಿನಿಂದ ಹಿಡಿದು ಕರುವಿನ ತಾಯಿಯವರೆಗೆ ಎಲ್ಲರ ಹೆಸರು ಹೇಳಿಯೇ ಹಗ್ಗ ಕೈಗಿಡುವುದು. ಹೇಳದಿದ್ದರೆ ಕೊಟ್ಟಂತಲ್ಲ. ಮರೆವು ಶುರುವಾಗಿದೆಯೆಂದು ಹಿಂದಿನ ವರ್ಷ ಅಜ್ಜ ನನ್ನಿಂದ ಅದನ್ನೆಲ್ಲ ಬರೆಸಿದ್ದರು. ನಾನು ಟೈಪ್ ಮಾಡಿ, ಇನ್ನೇಕೆ ಎಂದು ಕಾಗದವನ್ನು ರದ್ದಿಗೆ ಹಾಕಿದ್ದೆ. ಈಗ ನಾಳೆಯೇ ಮೊಮ್ಮಗಳಿಗೆ ಕರು ಕೊಡುವುದಿತ್ತು. ಅಜ್ಜ ಮೊದಲ ಬಸ್ಸಿಗೇ ಬಂದು ನಮ್ಮ ಜಗಲಿಯಲ್ಲಿ ಕೂತಿದ್ದರು.

"ಮೊದಲ್ನೇ ಹಸೂಂದೇ ಹೆಸ್ರು ನೆಪ್ಪಿಗೆ ಬರ್ತಿಲ್ಲ ಮೇಷ್ಟ್ರೇ. ಅದು ಬಂದ್ರೆ ಮಿಕ್ಕಿದ್ದೂ ಬರ್ತೈತೆ. ನಿಮ್ ಪೆಟ್ಟಿಗೇಲಿ ಐತಲ್ಲ?"

"ಐತೆ ಅಜ್ಜ, ಈಗ ತೆಗೀತೀನಿ" ಎಂದೆ. ಸುಳ್ಳು ಹೇಳುವಾಗ ನನ್ನ ದನಿ ಬಹಳ ಮೆತ್ತಗಾಗುತ್ತದೆ.

ಅಜ್ಜನನ್ನೂ ಲ್ಯಾಪ್‌ಟಾಪನ್ನೂ ಆಟೋದಲ್ಲಿ ಹಾಕಿಕೊಂಡು ಸೆಂಟರಿಗೆ ಓಡಿದೆ. ನಸ್ರೀನ್ ಮೇಡಂ ಹೊಸ ಡಿಸ್ಕನ್ನು ಮತ್ತೆ ಕೂರಿಸಿ, ಒಂದು ಸಿಡಿ ತುರುಕಿ, ಏನೇನೋ ಕುಟ್ಟಿದರು. ಡಾಕ್ಟರು ಎಕ್ಸರೇ ಎತ್ತಿ ಹಿಡಿದಾಗ ರೋಗಿಯ ಕಡೆಯವರಿಗೆ ಏನಾಗುತ್ತದೋ ನನಗೂ ಅದೇ ಆಯಿತು. ಕೊನೆಗೆ ತಲೆಯೆತ್ತಿ, "ಎಲ್ಲ ಸಲಾಮತ್ ಐತೆ ಸರ್, ಏನೂ ಹೋಗಿಲ್ಲ. ಮಿಷಿನ್ ಎಲ್ಲಿಂದ ಶುರು ಮಾಡ್ಬೇಕು ಅಂತ ಡಿಸ್ಕಲ್ಲಿ ಒಂದು ಗುರುತು ಹಾಕ್ಬೇಕಿತ್ತು, ಅಷ್ಟೆ. ಅದಕ್ಕೇ ಕೂತ್ಕಳ್ರಿ ಅಂದಿದ್ದು, ನೀವು ಜಲ್ದಿ ಮಾಡಿದ್ರಿ" ಎಂದರು.

ಪರದೆ ಬೆಳಗಿತು. ಫೈಲು ತೆರೆದು ಓದಿದೆ: ಬೂದಿಗೌರಿ.

"ಸಾಕು, ನಿಲ್ಸ್ರಿ" ಎಂದು ಅಜ್ಜ ಕೈಯೆತ್ತಿದರು. ಕಣ್ಣು ಮುಚ್ಚಿ, "ಬೂದಿಗೌರಿ ಮಗಳು ಕೆಂದಿ, ಕೆಂದಿ ಮಗಳು ಮಲ್ಲಿ, ಮಲ್ಲಿ ಮಗಳು ಚುಕ್ಕಿ" ಎಂದು ಹೊರಟವರು ಕರುವಿನ ತಾಯಿ ಬರುವವರೆಗೆ ನಿಲ್ಲಲಿಲ್ಲ. ಪರದೆಯ ಮೇಲೆ ಬೆರಳಿಟ್ಟುಕೊಂಡು ನಾನು ಹಿಂದೆ ಹಿಂದೆ ಓಡಿದೆ. ಟೈಪ್ ಮಾಡುವಾಗ ನಾನು ಬಿಟ್ಟಿದ್ದ ಎರಡು ಹೆಸರುಗಳೂ ಅದರಲ್ಲಿ ಬಂದವು. ನಾಚಿಕೆಯಾಯಿತು.

ಏಳುವಾಗ ಅಜ್ಜ ಹೇಳಿದರು: "ಇನ್ನೊಂದ್ ಸಲ ಮರ್ತ್ರೆ ಬರ್ತೀನಿ. ಪೆಟ್ಟಿಗೆ ಬ್ಯಾಡ. ಮೊದಲ್ನೇದೊಂದು ನೀವೇ ನೆಪ್ಪಲ್ಲಿ ಇಟ್ಕಂಡಿರ್ರಿ."

ಆ ಲ್ಯಾಪ್‌ಟಾಪು ಗುಜರಿಗೆ ಹೋಗಿ ವರ್ಷಗಳಾದವು. ನನ್ನ ಆತಂಕಕ್ಕೆ ಮಾತ್ರ ಬಿಡುವಿಲ್ಲ. ಬೆಳಗ್ಗೆ ಎಚ್ಚರವಾದ ಕೂಡಲೇ, ಕಣ್ಣು ಬಿಡುವ ಮೊದಲು, ಒಂದು ಕ್ಷಣ ಎದೆ ಹೊಡೆದುಕೊಳ್ಳುತ್ತದೆ. ಆಮೇಲೆ ಬೂದಿಗೌರಿ ಬರುತ್ತಾಳೆ. ನಾನು ಏಳುತ್ತೇನೆ.