ಅವನ ಸೀನಿಯರುಗಳು

ವಿಶಾಖಪಟ್ಟಣದ ಔಷಧ ಕಾರ್ಖಾನೆಯ ಲ್ಯಾಬಿನಲ್ಲಿ ನನ್ನ ಮೂರು ವರ್ಷದ ಗುತ್ತಿಗೆ ಮುಗಿಯಲು ಒಂದು ತಿಂಗಳಿತ್ತು. ಬೇರೆಲ್ಲೂ ಕೆಲಸ ಸಿಗದಿದ್ದರೆ ದಾವಣಗೆರೆಗೆ ವಾಪಸ್. ಅದೇ ಗುತ್ತಿಗೆಯ ಮೇಲಿದ್ದ ನನ್ನ ರೂಮ್‌ಮೇಟ್ ಮಾತ್ರ ಸಿಳ್ಳೆ ಹಾಕುತ್ತ ಅಂಗಿಗೆ ಇಸ್ತ್ರಿ ಮಾಡುತ್ತಿದ್ದ. ಅವನನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತಿತ್ತು.

ಅವನೂ ಕನ್ನಡದವನೇ. ಬ್ಯಾಂಕಿನಲ್ಲಿದ್ದ ಅಪ್ಪನಿಗೆ ವಿಜಯವಾಡಕ್ಕೆ ವರ್ಗವಾದ್ದರಿಂದ ಅಲ್ಲೇ ಓದಿದ್ದ. ಕೆಲಸದಲ್ಲಿ ಅಷ್ಟಕ್ಕಷ್ಟೆ, ಅವನ ರಿಪೋರ್ಟುಗಳನ್ನು ಎಷ್ಟೋ ಸಲ ನಾನೇ ತಿದ್ದಿದ್ದೇನೆ. ಆದರೆ ಅವನ ಕಾಲೇಜಿನ ವಾಟ್ಸಾಪ್ ಗುಂಪಿನಲ್ಲಿ ಒಂದು ಕಟ್ಟಳೆಯಿತ್ತು: ಕೆಲಸ ಸಿಕ್ಕವರು ವರ್ಷ ತುಂಬುವುದರೊಳಗೆ ಒಬ್ಬ ಜೂನಿಯರನ್ನಾದರೂ ಒಳಗೆ ಸೇರಿಸಬೇಕು. ಎಲ್ಲೇ ಜಾಗ ಖಾಲಿಯಾದರೂ ಜಾಹೀರಾತಿಗೂ ಮೊದಲೇ ಅವನ ಫೋನಿಗೆ ಸುದ್ದಿ. ನನ್ನ ಕಾಲೇಜಿನ ಗುಂಪಿನಲ್ಲಿ ಬರೀ ಹುಟ್ಟುಹಬ್ಬದ ಕೇಕುಗಳು.

ವಿಜಯವಾಡದ ಹತ್ತಿರ ಇಬ್ರಾಹಿಂಪಟ್ನಂ ಕಡೆಯ ಕಾರ್ಖಾನೆಯೊಂದರಲ್ಲಿ ಎರಡು ಕಾಯಂ ಹುದ್ದೆ ಇವೆಯೆಂದು ಅಲ್ಲೇ ಕೆಲಸದಲ್ಲಿದ್ದ ಅವನ ಸೀನಿಯರ್ ಒಬ್ಬರು ತಿಳಿಸಿದರು.

“ಅಣ್ಣಾ, ನೀವೂ ಬನ್ನಿ. ನಮ್ಮ ಸೀನಿಯರ್ ಹತ್ರ ನಾನು ಹೇಳ್ತೀನಿ, ಸರೇನಾ?” ಎಂದ, ತನ್ನ ತೆಲುಗು ಬೆರೆತ ಕನ್ನಡದಲ್ಲಿ.

ಅವನ ಆ ಧಾರಾಳತನವನ್ನೂ ನನಗೆ ಸಹಿಸಲಾಗಲಿಲ್ಲ. ಆದರೂ ಹೋದೆ.

ವಿಜಯವಾಡದ ಮೆಸ್ಸಿನಲ್ಲಿ ಸೀನಿಯರ್ ನಮ್ಮನ್ನು ಊಟಕ್ಕೆ ಕೂರಿಸಿ ತಾವೇ ಅನ್ನಕ್ಕೆ ಬೇಳೆಯ ಪಪ್ಪು ಬಡಿಸಿದರು. ನನ್ನ ರೆಸ್ಯೂಮ್ ನೋಡಿ ಮೆಚ್ಚಿಕೊಂಡರು. ಆಮೇಲೆ ಮಾತಿನ ನಡುವೆ ಸಹಜವಾಗಿ ಎಂಬಂತೆ ತೆಲುಗಿನಲ್ಲಿ ಕೇಳಿದರು: “ಮೂರು ವರ್ಷದಲ್ಲಿ ನಿಮ್ಮ ಕಾಲೇಜಿನಿಂದ ಎಷ್ಟು ಜನರನ್ನ ಸೇರಿಸಿದ್ರಿ?”

ಹಿಂದಿನ ವರ್ಷ ನಮ್ಮ ಕಾಲೇಜಿನ ಜೂನಿಯರ್ ಹುಡುಗಿಯೊಬ್ಬಳು ನಮ್ಮ ಲ್ಯಾಬಿನಲ್ಲಿ ಕೆಲಸವಿದೆಯೇ ಎಂದು ಮೆಸೇಜು ಮಾಡಿದ್ದಳು. ಜಾಗ ಇತ್ತು. ನನಗಿಂತ ಮೊದಲು ಅವಳೇ ಕಾಯಂ ಆಗಿಬಿಟ್ಟರೆ ಎಂದು ಹೆದರಿ ‘ಇಲ್ಲ’ ಎಂದು ಬರೆದು, ಮತ್ತೆ ಕಣ್ಣಿಗೆ ಬೀಳದಂತೆ ಅವಳ ಚಾಟನ್ನು ಆರ್ಕೈವಿಗೆ ತಳ್ಳಿದ್ದೆ.

“ಇನ್ನೂ ಯಾರನ್ನೂ ಇಲ್ಲ ಸರ್,” ಎಂದೆ. ಕೈ ತೊಳೆಯಲು ಎದ್ದವನು ಅಲ್ಲೇ ಗೋಡೆಯ ಪಕ್ಕ ನಿಂತು ಆ ಚಾಟ್ ತೆರೆದೆ. ನನ್ನ ‘ಇಲ್ಲ’ದ ಕೆಳಗೆ ನಾನು ಓದಿರದ ಮೆಸೇಜೊಂದು ಇತ್ತು. ಬಂದು ಮೂರು ತಿಂಗಳಾಗಿತ್ತು.

“ಸರ್, ನಂಗೆ ಮೈಸೂರಲ್ಲಿ ಕೆಲ್ಸ ಆತು, ಕಾಯಂ. ಇಲ್ಲಿ ಇನ್ನೊಂದು ಪೋಸ್ಟ್ ಐತಿ. ಶುಕ್ರವಾರದೊಳಗೆ ನಿಮ್ಮ ರೆಸ್ಯೂಮ್ ಕಳ್ಸಿ, ನಾನೇ ಕೊಡ್ತೀನಿ.”

ನಾಚಿಕೆಯಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಅದು ಬಂದದ್ದು ಎರಡನೆಯದಾಗಿ. ಮೊದಲು ಅನ್ನಿಸಿದ್ದು, ಅವಳು ಆಗಲೇ ಕಾಯಂ ಆಗಿಬಿಟ್ಟಳಲ್ಲ ಎಂದು.