ಏಳಬೇಡ ಎನ್ನುತ್ತಿದ್ದ ಮೇಡಂ

ಬಂಗಾರಪೇಟೆಯ ಗಾರ್ಮೆಂಟ್ಸ್‌ನಲ್ಲಿ ನಮ್ಮ ಹೊಲಿಗೆ ಮಿಷನ್‌ಗಳ ಲೈನ್ ನೋಡಿಕೊಳ್ಳುತ್ತಿದ್ದ ಮೇಡಂ ನಂದಿದುರ್ಗದ ಕಡೆಯವರು. ಕಿವಿಯ ಮೇಲೆ ಸಿಕ್ಕಿಸಿದ, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ, ತಲೆಗೂದಲಲ್ಲಿ ನೂಲಿನ ಚೂರು. ಬೈಯಲು ತಮಿಳು, ತೆಲುಗು ಎರಡೂ ಸಾಲದೆ ಕನ್ನಡಕ್ಕೆ ಬರುತ್ತಿದ್ದರು. ನಾವು ನೀರು ಕುಡಿಯಲು ಎದ್ದರೂ ಸಾಕು, "ಮಿಷನ್ ಬಿಟ್ಟು ಏಳ್ಬೇಡಾ!" ಎಂದು ಆ ತುದಿಯಿಂದ ಕೂಗು. ಅವರಿಗೆ ಕಾಣದಂತೆ ಅದನ್ನೇ ಅಣಕಿಸಿ ನಗುತ್ತಿದ್ದೆವು.

ಮಿಷನ್ ರಿಪೇರಿಯವನು ಸೂಜಿ ನೋಡುವ ನೆಪದಲ್ಲಿ ನನ್ನ ಮೈಮೇಲೆ ಬೀಳುತ್ತಿದ್ದ. ಎಷ್ಟೋ ದಿನ ನುಂಗಿಕೊಂಡು ಕೊನೆಗೆ ಮೇಡಂಗೆ ಹೇಳಿದೆ. ಇಷ್ಟು ದಿನ ಯಾಕೆ ಸುಮ್ಮನಿದ್ದೆ ಎಂದು ಅವರು ಕೇಳಲಿಲ್ಲ. ನೇರ ಮ್ಯಾನೇಜರ್ ರೂಮಿಗೆ ಹೋಗಿ ಅವರನ್ನು ಕರೆದುಕೊಂಡೇ ಬಂದರು.

"ಗಲಾಟೆ ಬೇಡಮ್ಮ, ನೀನು ಪ್ಯಾಕಿಂಗ್‌ಗೆ ಹೋಗಿಬಿಡು" ಎಂದರು ಮ್ಯಾನೇಜರ್. ಹೋಗಲೆಂದು ನಾನು ನನ್ನ ಕತ್ತರಿ ಎತ್ತಿಕೊಂಡು ಏಳುತ್ತಿದ್ದೆ. ಭುಜದ ಮೇಲೆ ಮೇಡಂ ಕೈ ಬಿತ್ತು.

"ಮಿಷನ್ ಬಿಟ್ಟು ಏಳ್ಬೇಡ ಕಣಮ್ಮ" ಎಂದರು, ಮೆಲ್ಲಗೆ. ಆಮೇಲೆ ಮ್ಯಾನೇಜರ್ ಕಡೆ ತಿರುಗಿ, "ಓಗ್ಬೇಕಾದೋನು ಅವ್ನು ಸಾರ್. ಇವ್ಳು ಎದ್ರೆ ನನ್ ಲೈನೆಲ್ಲಾ ಏಳ್ತದೆ."

ಅವನನ್ನು ಆ ವಾರವೇ ಕೆಲಸದಿಂದ ಕಳಿಸಿದರು. ಅವನು ಹೋದ ಮರುದಿನ ನಾನು ನೀರಿಗೆಂದು ಎದ್ದೆ. ಆ ತುದಿಯಿಂದ ಅದೇ ಕೂಗು ಬಂತು. ಗಂಟಲು ಒಣಗಿದ್ದರೂ ನಗುತ್ತಾ ಕೂತೆ.